ಕೆಂಪು ಡಬ್ಬಿ, ಹಸಿರು ಡಬ್ಬಿ

ವಿಶಾಲನ ಫೋನು ಬಂದಾಗ ನಾನು ಕಾಲೇಜಿನ ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಫೋನಿನಲ್ಲಿ ಮೊದಲು ಕ್ಷೇಮ ಕೇಳುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

“ಲೇ ಶಶ್ಯಾ, ನಿನ್ನ ಹಸರ ಕಾರ್ಡ ಇನ್ನೂ ಐತೇನು?”

ಯಾವ ಕಾರ್ಡು ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಆ ಹೆಸರಿನದು ಒಂದೇ ಇತ್ತು.

“ಐತಿ. ನಮ್ಮವ್ವನ ಟ್ರಂಕಿನ್ಯಾಗ ಮಲಗೇತಿ.”

“ನಡೀತೈತಿಲ್ಲೋ?”

“ಯಾವಂಗ ಗೊತ್ತು. ಮುಟ್ಟಿ ಭಾಳ ವರ್ಷ ಆತು.”

“ಐತವಾರ ತಗೊಂಡ ಬಾ. ಮನಿಗೆ ಬಣ್ಣಾ ಹಚ್ಚಸಾಕತ್ತೇನಿ. ಅಟ್ಟಾ ಖಾಲಿ ಮಾಡೂಮುಂದ ನನ್ನ ಕೆಂಪ ಡಬ್ಬಿ ಸಿಕ್ತು. ಹಳೇ ಸಿಸ್ಟಮ್ಮೂ ಐತಿ. ಎರಡೂ ಮತ್ತೊಮ್ಮೆ ಹಚ್ಚಿ ನೋಡೂಣು.”

ನಾನು ನಕ್ಕೆ. “ಹುಚ್ಚ ಹಿಡದೈತೇನಲೇ? ಈಗ ಮೊಬೈಲಿನ್ಯಾಗ ಅದಕ್ಕಿಂತ ಛಲೋ ಆಟ ಬರ್ತಾವು.”

ಅವನು ನಗಲಿಲ್ಲ. ಆ ಕಡೆ ಎಪಿಎಂಸಿಯ ಗದ್ದಲ ಕೇಳಿಸುತ್ತಿತ್ತು. ಹಮಾಲರ ಕೂಗು, ಯಾವುದೋ ಲಾರಿಯ ಹಾರ್ನು.  

“ಅವ್ವನ ಸಲುವಾಗಿ,” ಎಂದ ಕೊನೆಗೆ. ಅಷ್ಟು ಸಾಕಾಯಿತು. ಬರುತ್ತೇನೆ ಎಂದೆ.

ಕಂಪ್ಯೂಟರಿನ ಒಳಗೆ ಚಿತ್ರ ಮೂಡಿಸುವ ಕೆಲಸವನ್ನಷ್ಟೇ ಮಾಡುವ, ಅಂಗೈಯುದ್ದದ ಒಂದು ಹಲಗೆ ಇರುತ್ತದೆ. ಅದೇ ಗ್ರಾಫಿಕ್ಸ್ ಕಾರ್ಡು. ಪತ್ರ ಟೈಪು ಮಾಡುವವರಿಗೆ ಅದು ಇದ್ದರೂ ಇಲ್ಲದಿದ್ದರೂ ಒಂದೇ. ಆಟ ಆಡುವವರಿಗೆ ಮಾತ್ರ ಅದೇ ಸರ್ವಸ್ವ. ನಾವು ಧಾರವಾಡದಲ್ಲಿ ಬಿಸಿಎ ಓದುವಾಗ ಆ ಕಾರ್ಡುಗಳನ್ನು ಮಾಡುವ ದೊಡ್ಡ ಕಂಪನಿಗಳು ಎರಡು. ಒಂದರ ಡಬ್ಬಿ ಹಸಿರು, ಇನ್ನೊಂದರದು ಕೆಂಪು. ತರಗತಿಯ ಹುಡುಗರಲ್ಲಿ ಎರಡು ಪಾರ್ಟಿಗಳಿದ್ದವು. ಕ್ಯಾಂಟೀನಿನಲ್ಲಿ, ಬಸ್‌ಸ್ಟಾಪಿನಲ್ಲಿ, ಲ್ಯಾಬಿನ ಹಿಂದಿನ ಬೆಂಚಿನಲ್ಲಿ ಜಗಳವೋ ಜಗಳ. ಹಸಿರು ಕಾರ್ಡು ಹೆಚ್ಚು ಓಡುತ್ತದೆ ಎಂದು ನಾವು. ಕೆಂಪು ಕಾರ್ಡಿನಲ್ಲಿ ಬಣ್ಣ ನಿಜದ ಹಾಗೆ ಕಾಣುತ್ತದೆ ಎಂದು ಅವರು. ನಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಎರಡರಲ್ಲಿ ಒಂದೂ ಇರಲಿಲ್ಲ. ಆದರೆ ವಾದಕ್ಕೆ ಅದು ಅಡ್ಡಿಯಾಗಲಿಲ್ಲ.

ನನ್ನದು ಜಿಫೋರ್ಸ್ ೯೫೦೦ ಜಿಟಿ. ವಿಶಾಲನದು ರೇಡಿಯಾನ್ ಎಚ್‌ಡಿ ೪೬೭೦. ಇವತ್ತು ಈ ಹೆಸರುಗಳನ್ನು ನನ್ನ ವಿದ್ಯಾರ್ಥಿಗಳ ಮುಂದೆ ಹೇಳಿದರೆ ನಾನು ಯಾವುದೋ ಹಳೆಯ ರಾಜಮನೆತನದ ಬಗ್ಗೆ ಮಾತಾಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ. ನನಗೆ ಮಾತ್ರ ಆ ಸಂಖ್ಯೆಗಳು ಗೆಳೆಯರ ಅಡ್ಡಹೆಸರಿನಷ್ಟು ಪರಿಚಿತ.

ಭಾನುವಾರ ಸತ್ತೂರಿನಲ್ಲಿ ಹುಬ್ಬಳ್ಳಿಯ ಚಿಗರಿ ಬಸ್ಸು ಹತ್ತಿದೆ. ಕೈಚೀಲದಲ್ಲಿ ಹಸಿರು ಡಬ್ಬಿ. ಅದರ ಮೂಲೆಗಳು ಸವೆದು ಬಿಳಿಯಾಗಿದ್ದವು. ಕಿಟಕಿಯಾಚೆ ನವನಗರ ದಾಟುವಾಗ ಚನ್ನಬಸವ್ವ ಆ ಕೆಂಪು ಡಬ್ಬಿಯನ್ನು ಆರಿಸಿದ ದಿನ ನೆನಪಾಯಿತು.

ಚನ್ನಬಸವ್ವ ವಿಶಾಲನ ತಾಯಿ. ಉಪ್ಪಿನಬೆಟಗೇರಿಯ ಮಗಳು. ಅವರ ತವರು, ಗಂಡನ ಮನೆ ಎರಡೂ ಹತ್ತಿಯ ವ್ಯಾಪಾರದವು. ಹಿಡಿ ಹತ್ತಿಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳುವುದು ಅವರಿಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತಿತ್ತು. ವಿಶಾಲನ ಅಪ್ಪ ಅಂಗಡಿಯಿಂದ ಮಾದರಿಯ ಚೀಲ ಮನೆಗೆ ತಂದು, ಚಹಾ ಕುಡಿಯುವ ನೆಪದಲ್ಲಿ ಅವರ ಮುಂದೆ ಇಡುತ್ತಿದ್ದರು. ಅವರು ಎಳೆದು ನೋಡಿ “ಹೂಂ” ಅನ್ನಬೇಕು, ಇಲ್ಲವೆ ಚೀಲ ಪಕ್ಕಕ್ಕೆ ಸರಿಸಬೇಕು. ಮಾತು ಮುಗಿಯಿತು. ಸೀರೆ, ಪಾತ್ರೆ, ಎಮ್ಮೆ, ನಾದಿನಿಗೆ ಗಂಡು, ಎಲ್ಲವನ್ನೂ ಆ ಮನೆಯಲ್ಲಿ ಆರಿಸಿದವರು ಅವರೇ. ಕೊಳ್ಳುವುದು ಗಂಡಸರ ಕೆಲಸ, ಆರಿಸುವುದು ಚನ್ನಬಸವ್ವನ ಕೆಲಸ.

ಆ ವರ್ಷ ದಸರೆಯ ಮುಂಚೆ ಸೀರೆ ತರಲು ಹೊರಟವರನ್ನು ವಿಶಾಲ ಗೋಕುಲ ರಸ್ತೆಯ ಕಂಪ್ಯೂಟರ್ ಅಂಗಡಿಗೂ ಎಳೆದುಕೊಂಡು ಬಂದಿದ್ದ. ನಾನೂ ಜೊತೆಗಿದ್ದೆ. ಗಾಜಿನ ಮೇಜಿನ ಮೇಲೆ ಎರಡು ಡಬ್ಬಿಗಳು ಕುಳಿತಿದ್ದವು. ವಿಶಾಲನಿಗೆ ನನ್ನ ಹತ್ತಿರ ಆಗಲೇ ಇದ್ದಂಥ ಹಸಿರನ್ನೇ ಕೊಳ್ಳುವ ಆಸೆಯೂ ಇತ್ತು, ಅದನ್ನು ಕೊಳ್ಳಬಾರದು ಎಂಬ ಹಟವೂ ಇತ್ತು.

“ಯವ್ವಾ, ನೀನ ಹೇಳು. ಯಾವದು?”

ಅಂಗಡಿಯವ ನಕ್ಕ. “ಅವ್ವಾರಿಗೆ ಏನ ಕೇಳ್ತೀಪಾ. ಎರಡೂ ಛಲೋನ ಅದಾವ್ರಿ ಅವ್ವಾರ.”

“ಡಬ್ಬಿ ನೋಡಿ ಏನ ಹೇಳ್ಲಿ? ಒಳಗಿಂದ ತಗೀರಿ,” ಎಂದರು ಚನ್ನಬಸವ್ವ.

ತೆಗೆದ. ಎರಡೂ ಕಾರ್ಡಿನ ಮೇಲೆ ಬಿಸಿ ಹೊರಗೆ ಹಾಕಲು ಸಣ್ಣ ಫ್ಯಾನು ಇರುತ್ತದೆ. ಅವರು ಕಿರುಬೆರಳಿನ ತುದಿಯಿಂದ ಹಸಿರು ಕಾರ್ಡಿನ ಫ್ಯಾನನ್ನು ಮೀಟಿದರು. ಅದು ನಾಲ್ಕು ಸುತ್ತು ತಿರುಗಿ ನಿಂತಿತು. ಕೆಂಪನ್ನು ಮೀಟಿದರು. ಅದು ತಿರುಗಿತು, ತಿರುಗುತ್ತಲೇ ಇತ್ತು. ಅದು ತಾನಾಗಿ ನಿಲ್ಲುವ ತನಕ ಅವರು ಕಾದರು.

“ಇದು. ತಡವರಸೂದಿಲ್ಲ ನೋಡು.”

ಅಂಗಡಿಯವ ನಗುವುದನ್ನು ನಿಲ್ಲಿಸಿದ.

ಮಹಾನವಮಿಯ ದಿನ ಅವರ ಮನೆಯಲ್ಲಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅಂಗಡಿಯ ತಕ್ಕಡಿ, ತೂಕದ ಕಲ್ಲು, ಹತ್ತಿ ಎಳೆಯುವ ಕೊಕ್ಕೆ, ಹೊಲಿಗೆ ಮಷಿನ್ನು, ಸ್ಕೂಟರು, ಎಲ್ಲಕ್ಕೂ ಸ್ನಾನ, ವಿಭೂತಿ, ಹೂವು. ಹೋಳಿಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ವಿಶಾಲ ತನ್ನ ಕಂಪ್ಯೂಟರನ್ನು ಹೊತ್ತು ತಂದು ಇಟ್ಟ. ಚನ್ನಬಸವ್ವ ಅದನ್ನು ಸುತ್ತಲೂ ನೋಡಿದರು.

“ಈ ತಗಡಿನ ಡಬ್ಬಿಗೆ ಹಚ್ಚಿದ್ರ ಏನ ಬಂತೋ? ಒಳಗ ದುಡಿಯೂದು ಯಾವದು? ಅದನ್ನ ತಗದ ಕೊಡು.”

ವಿಶಾಲ ಹೆಮ್ಮೆಯಿಂದ ಕೆಂಪು ಕಾರ್ಡನ್ನು ಬಿಚ್ಚಿ ತಕ್ಕಡಿಯ ಪಕ್ಕ ಇಟ್ಟ. ಅವರು ವಿಭೂತಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳು ತುಂಬ ತೆಗೆದುಕೊಂಡು, ಫ್ಯಾನಿನ ಮೇಲೆ ಅಡ್ಡಕ್ಕೆ ಎಳೆದರು. ಮೇಲೆ ಕುಂಕುಮ. ಮೇಲೆ ಒಂದು ಚೆಂಡು ಹೂವು. ಉಳಿದ ವಸ್ತುಗಳಿಗಿಂತ ಅದಕ್ಕೆ ಸ್ವಲ್ಪ ಹೆಚ್ಚೇ ಸಿಕ್ಕಿತು. ಅವರೇ ಆರಿಸಿದ್ದಲ್ಲವೆ.

“ನಿಂದೂ ತಂದಿದ್ರ ಹಚ್ಚತಿದ್ನೆಲ್ಲೋ ತಮ್ಮಾ,” ಎಂದರು ನನಗೆ.

ನಮ್ಮ ಮನೆ ಬುದ್ಧವಿಹಾರಕ್ಕೆ ಹೋಗುವವರದು. ಮರುದಿನ, ವಿಜಯದಶಮಿಗೆ, ನಮ್ಮಲ್ಲಿ ಧಮ್ಮದೀಕ್ಷೆಯ ನೆನಪಿಗೆ ಬಿಳಿ ಬಟ್ಟೆ, ಪಂಚಶೀಲ, ಪಾಯಸ. ಉಪಕರಣಗಳಿಗೆ ಪೂಜೆ ಮಾಡುವ ರೂಢಿ ಇಲ್ಲ. “ನಮ್ಮಲ್ಲಿ ಇಲ್ರಿ ಅವ್ವಾರ,” ಎಂದೆ. “ಇರವಲ್ದ್ಯಾಕ, ಹೋಳಗಿ ತಿನ್ನು,” ಎಂದು ತುಪ್ಪ ಸುರಿದರು.

ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಹಾಗಾಗಿ ನಮ್ಮಿಬ್ಬರ ಕಾರ್ಡುಗಳ ಪಂದ್ಯ ನಡೆದದ್ದು ಮರುದಿನ, ಬನ್ನಿಯ ಸಂಜೆ. ವಿಹಾರದಿಂದ ಬಂದು, ನನ್ನ ಕಾರ್ಡು ಹಿಡಿದು ಹುಬ್ಬಳ್ಳಿಗೆ ಹೋದೆ. ವಿಶಾಲ ತನ್ನ ಕಾರ್ಡಿನ ವಿಭೂತಿಯನ್ನು ಕರ್ಚೀಫಿನಿಂದ ಒರೆಸಿ ಸಿದ್ಧ ಮಾಡಿದ್ದ. ಓಣಿಯ ಹುಡುಗರು, ಕಾಲೇಜಿನ ಹುಡುಗರು, ಬನ್ನಿ ಕೊಡಲು ಬಂದ ನೆಂಟರು, ಎಲ್ಲ ವಿಶಾಲನ ಸಣ್ಣ ಖೋಲಿಯಲ್ಲಿ ಸೇರಿದ್ದರು. “ಬಂಗಾರ ತಗೊಂಡ ಬಂಗಾರದಂಗ ಇರೂಣು” ಎಂದು ಎಲೆ ಕೊಟ್ಟವರು ಅಲ್ಲೇ ನಿಂತು ಯಾರ ಕಾರ್ಡು ಗೆಲ್ಲುತ್ತದೆ ಎಂದು ಕೇಳುತ್ತಿದ್ದರು.

ಒಂದೇ ಸಿಸ್ಟಮ್ಮು, ಒಂದೇ ಕಾರ್ ರೇಸಿನ ಆಟ, ಒಂದೇ ರಸ್ತೆ. ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಕಾಣುತ್ತಿತ್ತು, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿವೆ ಎಂಬ ಲೆಕ್ಕ. ಅದು ಹೆಚ್ಚಿದ್ದಷ್ಟೂ ಆಟ ನೀರಿನ ಹಾಗೆ ಹರಿಯುತ್ತದೆ. ಮೊದಲು ಹಸಿರು. ನಲವತ್ತರ ಆಸುಪಾಸು, ಕೊನೆಯವರೆಗೂ. ಆಮೇಲೆ ಕೆಂಪು. ಶುರುವಿಗೇ ಅರವತ್ತರ ಹತ್ತಿರ ಹೋಯಿತು. ಕೆಂಪು ಪಾರ್ಟಿ ಮಂಚದ ಮೇಲೆ ಹತ್ತಿ ಕುಣಿಯಿತು. ಬಾಗಿಲಲ್ಲಿ ಬನ್ನಿ ಎಲೆಯ ತಾಟು ಹಿಡಿದು ಚನ್ನಬಸವ್ವ ನಿಂತಿದ್ದರು, ಮುಖದಲ್ಲಿ ಅಡಗಿಸಲಾರದ ನಗು.

ಎರಡನೇ ಸುತ್ತಿನಲ್ಲಿ ಸಂಖ್ಯೆ ಇಳಿಯಿತು. ಆಕಾಶದಲ್ಲಿ ಗುಲಾಬಿ ಚೌಕಗಳು ಮೂಡಿದವು. ಕಾರು ತಿರುವಿನಲ್ಲಿ ಹಾಗೇ ನಿಂತುಬಿಟ್ಟಿತು. ಬಂದ್ ಮಾಡಿ ಮತ್ತೆ ಹಚ್ಚಿದರು. ಮತ್ತೆ ಅದೇ ತಿರುವಿನ ಹತ್ತಿರ ಅದೇ ಚೌಕಗಳು. ಮೂರನೆಯ ಸಲ ಸುತ್ತು ಶುರುವಾಗುವ ಮೊದಲೇ ಪರದೆ ಕಪ್ಪಾಯಿತು. ಹಸಿರು ಪಾರ್ಟಿ ನನ್ನನ್ನು ಹೆಗಲ ಮೇಲೆ ಎತ್ತಿತು. ಕ್ಯಾಬಿನೆಟ್ಟಿನೊಳಗೆ ಕುಳಿತ ಕಾರ್ಡಿನ ಫ್ಯಾನು ನೆಲದ ಕಡೆ ಮುಖ ಮಾಡಿರುತ್ತದೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಆ ಗದ್ದಲದಲ್ಲಿ ಯಾರೂ ಬಗ್ಗಲಿಲ್ಲ.

“ಅವ್ವಾರ ಆರಿಸಿದ ಕಾರ್ಡಲೇ!” ಎಂದು ಯಾರೋ ಕೂಗಿದರು. ವಿಶಾಲನ ಮುಖ ಕೆಂಪಾಯಿತು. ಬಾಗಿಲ ಕಡೆ ತಿರುಗಿ ಎಲ್ಲರ ಮುಂದೆ ಅಂದುಬಿಟ್ಟ:

“ಹತ್ತಿ ಆರಿಸಿದಂಗಲ್ಲವಾ ಇದು. ನಿನಗೇನ ತಿಳೀತೈತಿ ಇದರಾಗ.”

ಎಲ್ಲರೂ ನಕ್ಕರು. ಚನ್ನಬಸವ್ವ ತಾಟನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಹೊರಗೆ ಪಟಾಕಿ, ಒಳಗೆ ಕೇಕೆ. ಅಡುಗೆಮನೆಯಿಂದ ಮಾತ್ರ, ಪಾತ್ರೆಯದೂ, ಬಳೆಯದೂ, ಯಾವ ಸದ್ದೂ ಇಲ್ಲ. 

ಮರುತಿಂಗಳು ವಿಶಾಲ ಬೇರೆ ಕಾರ್ಡು ತಂದ. ಈ ಸಲ ಹಸಿರು. ಕೆಂಪು ತನ್ನ ಡಬ್ಬಿಯೊಳಗೆ ಹೋಗಿ ಅಟ್ಟ ಸೇರಿತು.

ಹುಬ್ಬಳ್ಳಿಯ ಹೊಸೂರಿನಲ್ಲಿ ಬಸ್ಸು ಇಳಿದು, ಆಟೋ ಹಿಡಿದು ಅವನ ಮನೆ ತಲುಪಿದಾಗ ಅಂಗಳದ ತುಂಬ ಬಣ್ಣದ ಬಕೀಟು. ಪೇಂಟರ್ ಮಕಬೂಲಸಾಬ ಏಣಿಯ ಮೇಲಿಂದ ಸಲಾಮು ಹೇಳಿದರು. ವಿಶಾಲನ ಹೆಂಡತಿ ನಾಗರತ್ನಾ ನೀರು ತಂದುಕೊಟ್ಟಳು.

“ನೀವರ ಹೇಳ್ರಿ ಅಣ್ಣಾರ. ಎಲ್ಲಾ ಖೋಲಿದೂ ಬಣ್ಣಾ ಫೈನಲ್ ಆಗೇತಿ, ಅತ್ತಿಯವರ ಖೋಲಿದೊಂದ ಉಳದೈತಿ. ಮೂರ ದಿನದಿಂದ ಕೇಳಾಕತ್ತೇನಿ. ‘ನಿಮಗ ತಿಳಿದದ್ದ ಹಚ್ಚ್ರಿ’ ಅಂತಾರ. ಪಲ್ಯಾ ಯಾವದು ಮಾಡ್ಲಿ ಅಂದ್ರೂ ಅದ. ‘ಯಾವದರ ಮಾಡವಾ.’ ಬಜಾರದಾಗ ಇರೂ ಪಲ್ಯಾ ಎಲ್ಲಾ ಮಾಡೇನಿ, ಯಾವದ ಸೇರತೈತೋ ಇವತ್ತಿಗೂ ಗೊತ್ತಾಗಿಲ್ಲ ನನಗ.”

ನಗುತ್ತ ಹೇಳಿದಳು. ಆದರೆ ವಿಶಾಲ ನಗಲಿಲ್ಲ. ನನ್ನನ್ನು ಮಹಡಿಯ ಖೋಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದ.

“ಕೇಳಿದಿಲ್ಲೋ? ಅಕಿ ಲಗ್ನಾ ಆಗಿ ಬಂದಾಗಿಂದ ಅವ್ವನ್ನ ಹಿಂಗ ನೋಡ್ಯಾಳ. ನಮ್ಮವ್ವ ಮೊದಲ ಹಿಂಗ ಇದ್ಲೇನಲೇ? ನಮ್ಮಪ್ಪ ಹೋಗೂ ತನಕ ಹತ್ತಿ ಮಾದರಿ ತಂದ ಮುಂದ ಇಡತಿದ್ದ. ಅಕಿ ಮುಟ್ಟತಿದ್ದಿಲ್ಲ. ಡಬ್ಬಿ ಸಿಕ್ಕ ದಿನ ನೆನಪಾತು ನನಗ. ಅದು ಶುರು ಆಗಿದ್ದ ಆ ಬನ್ನಿ ದಿನ ನಾ ಅಂದ ಮಾತಿಂದ.”

ಒಂದೇ ಒಂದು ಮಾತಿನಿಂದ ಒಬ್ಬ ಹೆಂಗಸು ಹೀಗಾಗಿಬಿಡುತ್ತಾಳೆಯೇ? ನನಗೆ ನಂಬಿಕೆಯಿರಲಿಲ್ಲ. ಅಂಗಡಿಯಲ್ಲಿ ಎಳೆ ಅಳೆಯಲು ಯಂತ್ರ ಬಂದಿತ್ತು, ಗಂಡ ಹೋದರು, ಮನೆಗೆ ಸೊಸೆ ಬಂದಳು. ಕಾರಣಗಳು ಬಹಳ ಇರಬಹುದು. ಹಾಗೆ ಹೇಳಲು ಬಾಯಿ ತೆರೆದವನು ಅವನ ಮುಖ ನೋಡಿ ಚೀಲದಿಂದ ಹಸಿರು ಡಬ್ಬಿ ತೆಗೆದೆ. ಅವನಿಗೆ ಬೇಕಾಗಿದ್ದದ್ದು ವಾದವಲ್ಲ.

“ಆ ಕಾರ್ಡ ಛಲೋ ಇತ್ತಲೇ ಶಶ್ಯಾ. ಆಮ್ಯಾಲೆ ಇಂಟರ್ನೆಟ್ಟಿನ್ಯಾಗ ನೋಡೇನಿ, ಎಲ್ಲಾರೂ ನಿನ್ನ ಕಾರ್ಡಿಗಿಂತ ಅದ ಮುಂದ ಅಂತ ಬರದಾರ. ಅವ್ವ ಆರಿಸಿದ್ದು ತಪ್ಪ ಇರಲಿಲ್ಲ. ಅಕಿ ಕಣ್ಣಮುಂದ ಒಮ್ಮೆ ಓಡಬೇಕದು. ಓಡೇ ಓಡಬೇಕು.”

ಹಳೆಯ ಸಿಸ್ಟಮ್ಮು ಒಂದೇ ಪ್ರಯತ್ನಕ್ಕೆ ಏಳಲಿಲ್ಲ. ರ್‍ಯಾಮ್ ತೆಗೆದು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಆಗಿನ ಕಾಲದ ನಮ್ಮ ಸಕಲ ರೋಗಗಳ ಮದ್ದು ಅದು. ‘ಪೀಂ’ ಎಂದಿತು. ಒಂದು ಸಣ್ಣ ಸದ್ದು. ನಮ್ಮಿಬ್ಬರ ಬೆನ್ನೂ ಒಮ್ಮೆಲೇ ನೆಟ್ಟಗಾಯಿತು. ಒಳಗಿನ ಸೆಲ್ಲು ಸತ್ತಿದ್ದರಿಂದ ಅದಕ್ಕೆ ತಾರೀಖು ಮರೆತಿತ್ತು. ನಾವಿನ್ನೂ ಸಾಲೆಯಲ್ಲಿದ್ದ ಯಾವುದೋ ವರ್ಷದ ಜನವರಿ ಒಂದು ಎಂದು ತೋರಿಸುತ್ತಿತ್ತು. “ಇರ್ಲಿ ಬಿಡು, ತಿದ್ದಬ್ಯಾಡ,” ಎಂದ ವಿಶಾಲ.

ಹಸಿರು ಕಾರ್ಡನ್ನು ಹಾಕಿದೆವು. ಏನೂ ತಕರಾರು ಮಾಡದೆ ಓಡಿತು. ಅದೇ ರಸ್ತೆ, ಅದೇ ಬಂದರು, ದೂರದಲ್ಲಿ ಅದೇ ಬಿಳಿ ಗೋಪುರ. ಎಷ್ಟು ಒರಟು ಚಿತ್ರ! ಮರಗಳು ರಟ್ಟಿನಿಂದ ಕತ್ತರಿಸಿಟ್ಟ ಹಾಗಿದ್ದವು. ಆಗ ಇದೇ ನಮಗೆ ಸಾಕ್ಷಾತ್ ಲೋಕವಾಗಿ ಕಂಡಿತ್ತು. ಸಂಖ್ಯೆ ನಲವತ್ತರ ಆಸುಪಾಸು.

ಆಮೇಲೆ ಕೆಂಪು ಡಬ್ಬಿ. ವಿಶಾಲ ಕಾರ್ಡನ್ನು ಹೊರತೆಗೆದು ಫ್ಯಾನನ್ನು ಬೆರಳಿನಿಂದ ಮೀಟಿದ. ಅದು ಅಲುಗಲಿಲ್ಲ.

“ಧೂಳ ತುಂಬಿರಬೇಕು,” ಎಂದೆ. “ಬಿಚ್ಚು.”

ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಪುಮೊಳೆಗಳನ್ನು ತೆಗೆದು ಮೇಲಿನ ಮುಚ್ಚಳ ಎತ್ತಿದ. ಕೆಳಗೆ ಹಾಸಿದ ಪೇಪರಿನ ಮೇಲೆ ಬೂದುಬಣ್ಣದ ಚೂರುಗಳು ಉದುರಿದವು. ಧೂಳು ಹಾಗಿರುವುದಿಲ್ಲ. ಧೂಳು ಹತ್ತಿಯ ಹಾಗೆ ಮೆತ್ತಗಿರುತ್ತದೆ. ಇದು ಒಣಗಿದ ಸುಣ್ಣದ ಹಾಗೆ ಗಟ್ಟಿಯಾಗಿ, ಲೋಹದ ತೆಳ್ಳನೆಯ ಪದರಗಳ ನಡುವೆ ಗಾರೆ ಮೆತ್ತಿದಂತೆ ಕುಳಿತಿತ್ತು. ಒಂದು ಕಡೆ ತುಸು ಕೆಂಪು. ಫ್ಯಾನಿನ ಬುಡಕ್ಕೆ ಕಂದುಬಣ್ಣದ ಏನೋ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದೆ. ಚೆಂಡು ಹೂವಿನ ಪಕಳೆ.

ಇಬ್ಬರೂ ಅದನ್ನು ನೋಡುತ್ತ ಕುಳಿತೆವು. ಕೆಳಗೆ ಮಕಬೂಲಸಾಬ ಗೋಡೆ ಉಜ್ಜುತ್ತಿದ್ದ ಸದ್ದು, ನಿಲ್ಲುತ್ತ, ಮತ್ತೆ ಶುರುವಾಗುತ್ತ.

“ಈಬತ್ತಿ,” ಎಂದ ವಿಶಾಲ. ಅವತ್ತಿನ ಪೂಜೆಯ ವಿಭೂತಿ. “ಮ್ಯಾಲಿಂದಷ್ಟ ಒರಸಿದ್ದೆ ನಾ. ಹಸಿ ಇತ್ತದು, ಒಳಗ ಇಳದ ಫ್ಯಾನ ಹಿಡದಬಿಟ್ಟೈತಿ. ಕಾರ್ಡ ಕಾದ ನಿಂತಿತ್ತು.”

ಅವನು ಚೂರೊಂದನ್ನು ಬೆರಳಲ್ಲಿ ಹಿಸುಕಿದ. ಅದು ಬಿಳಿ ಪುಡಿಯಾಯಿತು.

“ಈಗ ಏನಂತ ಹೇಳ್ಲಿ ಅವ್ವಗ? ‘ನೀ ಆರಿಸಿದ್ದ ಖರೇ ಇತ್ತು, ನಿನ್ನ ಪೂಜೀನ ಅದನ್ನ ಕೆಡಿಸ್ತು’ ಅಂತೇನು? ಒಂದ ಮಾತ ಅಂದಿದ್ಕ ಇಷ್ಟ ವರ್ಷ ಸುಮ್ಮ ಕುಂತಾಳ. ಇದೊಂದ ಅಂದ್ರ ಮುಗೀತು.”

“ಹೇಳಬ್ಯಾಡ.”

“ಯಾಕ ನಿಂತಿತ್ತು ಅಂತ ಕೇಳಿದ್ರ? ಅಕಿ ಕೇಳದ ಬಿಡೂದಿಲ್ಲ. ಸುಳ್ಳ ಹೇಳಿದ್ರ ಅಕಿಗೆ ತಿಳೀತೈತಿ. ಸಣ್ಣಾಂವ ಇದ್ದಾಗಿಂದ ತಿಳೀತೈತಿ.”

 “ಮೊದಲ ಓಡತೈತೋ ಇಲ್ಲೋ ನೋಡೂಣು ತಡಿ,” ಎಂದೆ.

ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅವನು ಪದರ ಪದರವಾಗಿ ಬಿಡಿಸಿದ. ಆ ಪುಡಿಯನ್ನು ಅವನು ಊದಿ ಹಾರಿಸಲಿಲ್ಲ. ಪೇಪರಿನ ಒಂದು ಮೂಲೆಗೆ ಸರಿಸುತ್ತ ಹೋದ. ಫ್ಯಾನಿಗೆ ಎಣ್ಣೆ ಬೇಕಾಗಿತ್ತು. “ನೀನ ಹೋಗಿ ಕೇಳು,” ಎಂದ. “ನನಗ ಅಕಿ ಮಾರಿ ನೋಡಾಕ ಆಗೂದಿಲ್ಲ.”

ಚನ್ನಬಸವ್ವ ಹಿತ್ತಲ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆಯ ಮೇಲೆ ಮೂರು ಗೆರೆ ಮೊದಲಿನಂತೆಯೇ.

“ಅವ್ವಾರ, ಮಷಿನ್ ಎಣ್ಣಿ ಐತೇನ್ರಿ?”

“ಬಂದೇನ ತಮ್ಮಾ? ಅವ್ವ ಆರಾಮ ಅದಾಳ? ಎಣ್ಣಿ ಯಾವದಕ್ಕೋ?”

“ಒಂದ ಸಣ್ಣ ಫ್ಯಾನಿಗ್ರಿ.”

ಅವರ ಕೈ ನಿಂತಿತು. “ಆ ಕೆಂಪ ಡಬ್ಬಿದೇನು?”

“ಹೌದ್ರಿ.”

ಅವರು ಎದ್ದು ಹೋಗಿ ಹೊಲಿಗೆ ಮಷಿನ್ನಿನ ಖಾನೆಯಿಂದ ಎಣ್ಣೆಯ ಕುಪ್ಪಿ ತಂದುಕೊಟ್ಟರು. “ಎರಡ ಹನಿ ಸಾಕು. ಹೆಚ್ಚಾದ್ರ ಕಸಾ ಹಿಡೀತೈತಿ.” ಅಷ್ಟೇ ಹೇಳಿ ಮತ್ತೆ ಸೊಪ್ಪಿಗೆ ಕುಳಿತರು. ನಾನು ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದೆ. ಅವರ ಕೈಯಲ್ಲಿ ಮೆಂತೆಯ ಕಡ್ಡಿ ಇತ್ತು, ಆದರೆ ಬಿಡಿಸುತ್ತಿರಲಿಲ್ಲ.

ಎರಡು ಹನಿ ಬಿಟ್ಟೆವು. ಕಾರ್ಡಿನ ಚಿಪ್ಪಿನ ಮೇಲೆ ಬಿಸಿ ಹೀರುವ ಹೊಸ ಪೇಸ್ಟು ಸವರಿ ಕಾರ್ಡು ಕೂಡಿಸಿದೆವು. ಆಟ ಶುರುವಾಯಿತು. ಐವತ್ತೆಂಟು. ಅರವತ್ತು. ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ ಆ ತಿರುವು ಬಂದಾಗ ವಿಶಾಲ ಕೀಬೋರ್ಡನ್ನು ಒಡೆಯುವ ಹಾಗೆ ಹಿಡಿದಿದ್ದ. ಕಾರು ತಿರುಗಿತು, ಮುಂದೆ ಹೋಯಿತು. ಆಕಾಶದಲ್ಲಿ ಯಾವ ಚೌಕವೂ ಮೂಡಲಿಲ್ಲ. ನಿಜ ಹೇಳಬೇಕೆಂದರೆ ಆ ಆಕಾಶದ ಬಣ್ಣ ನನ್ನ ಕಾರ್ಡಿನದಕ್ಕಿಂತ ಚೆನ್ನಾಗಿತ್ತು. ಅಷ್ಟು ವರ್ಷ ವಾದಿಸಿ ಒಪ್ಪದ್ದನ್ನು ಒಪ್ಪಲು ಈಗ ಯಾವ ಕಷ್ಟವೂ ಆಗಲಿಲ್ಲ. ಕೇಳಲು ಆ ಹುಡುಗರು ಯಾರೂ ಅಲ್ಲಿರಲಿಲ್ಲ, ಅಷ್ಟೇ. ಐದು ಸುತ್ತು ಓಡಿಸಿದೆವು. ಕುಣಿಯಲಿಲ್ಲ, ಕೂಗಲಿಲ್ಲ. ಸಣ್ಣ ಫ್ಯಾನು ದುಂಬಿಯ ಹಾಗೆ ಗುಂಯ್‌ಗುಡುತ್ತಿತ್ತು.

“ಓಡಾಕತ್ತೈತಲ್ಲ?”

ಬಾಗಿಲಲ್ಲಿ ಚನ್ನಬಸವ್ವ. ಮಂಡಿನೋವಿನಿಂದ ಮಹಡಿ ಹತ್ತುವುದನ್ನು ಬಿಟ್ಟವರು ಯಾವಾಗ ಹತ್ತಿ ಬಂದರೋ.

ವಿಶಾಲ ಎದ್ದು ನಿಂತ. “ಬಾ ಯವ್ವಾ. ನೀ ಆರಿಸಿದ್ದ ಗೆದ್ದೈತಿ. ಶಶ್ಯಾನ ಕಾರ್ಡ ನಲವತ್ತು, ನಿಂದು ಅರವತ್ತು. ಕೇಳ ಬೇಕಾರ.”

“ಹೌದ್ರಿ ಅವ್ವಾರ,” ಎಂದೆ.

ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ನಾವಿಬ್ಬರೂ ಹೆದರಿದ್ದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. “ಮತ್ತ ಆವತ್ತ ಯಾಕ ನಿಂತಿತ್ತೋ?”

 ವಿಶಾಲ ನನ್ನ ಕಡೆ ನೋಡಲು ಹೊರಟವನು ನೋಡಲಿಲ್ಲ.

“ನಾ ನೆಟ್ಟಗ ಒರಸಿರಲಿಲ್ಲವಾ,” ಎಂದ. “ಲಗೂ ಹಚ್ಚೂ ಗಡಿಬಿಡಿಯೊಳಗ ಮ್ಯಾಲಿಂದಷ್ಟ ಒರಸಿ ತುರಕಿದ್ದೆ. ತಪ್ಪ ನಂದು.”

ಅದು ಸುಳ್ಳಾಗಿರಲಿಲ್ಲ.

ಏನನ್ನು ಒರೆಸಬೇಕಾಗಿತ್ತು ಎಂದು ಅವರು ಕೇಳಲಿಲ್ಲ. ಅವರ ಕಣ್ಣು ನೆಲದ ಪೇಪರಿನ ಕಡೆ ಹೋಯಿತು. ಗೋಡೆ ಹಿಡಿದು ಬಗ್ಗಿ, ಮೂಲೆಗೆ ಸರಿಸಿಟ್ಟ ಪುಡಿಯನ್ನು ಚಿಟಿಕೆಯಲ್ಲಿ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು. ಹತ್ತಿಯ ಎಳೆ ನೋಡುತ್ತಿದ್ದ ಅದೇ ಬೆರಳು. ಪಕ್ಕದಲ್ಲಿದ್ದ ಒಣ ಪಕಳೆಯನ್ನೂ ನೋಡಿದರು. 

“ಶಿವನ! ಇಷ್ಟ ಹಚ್ಚಿದ್ನೇನೋ ನಾ?”

ಪಕಳೆಯನ್ನು ಅವರು ಬೆಳಕಿಗೆ ಹಿಡಿದರು.

“ಗಾಳೀನ ಆಡಧಂಗ ಬಾಯಿ ಬಂದ್ ಮಾಡೇನಲ್ಲೋ ಪಾಪ ಅದರದು!” ಎಂದವರು ನಗಲು ಶುರುಮಾಡಿದರು. ಮೊದಲು ಸಣ್ಣಗೆ, ಆಮೇಲೆ ಮೈಯೆಲ್ಲ ಅಲುಗುವ ಹಾಗೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಶಶೀ, ನೀ ಅವತ್ತ ನಿಂದು ತಂದಿದ್ರ ಅದರ ಗತೀನೂ ಇಷ್ಟ ಇತ್ತು ನೋಡಪಾ. ಉಳಕೊಂಡಿ!”

ನಾನೂ ನಕ್ಕೆ. ವಿಶಾಲ ಮಾತ್ರ ನಿಂತೇ ಇದ್ದ.

“ಯವ್ವಾ, ಅವತ್ತ ನಿನಗ ಒಂದ ಮಾತ ಅಂದಿದ್ದೆ ನಾ. ಎಲ್ಲಾರ ಮುಂದ.”

“ಏನ ಅಂದಿದ್ದಿ?”

ಅವನಿಗೆ ಅದನ್ನು ಮತ್ತೆ ಹೇಳಲು ಆಗಲಿಲ್ಲ. ಅವರು ಅವನ ಮುಖವನ್ನು ನೋಡದೆ, ಕುರ್ಚಿಯ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡರು. “ನನಗೇನ ನೆನಪಿಲ್ಲಪಾ,” ಎಂದರು. ನೆನಪಿತ್ತೋ ಇರಲಿಲ್ಲವೋ ನನಗೆ ತಿಳಿಯಲಿಲ್ಲ. ಸುಳ್ಳು ಕಂಡುಹಿಡಿಯುವ ವಿದ್ಯೆ ಆ ಮನೆಯಲ್ಲಿ ಅವರೊಬ್ಬರಿಗೇ ಇದ್ದದ್ದು.

“ಬಂದ್ ಮಾಡಿ ತಗಿ ಅದನ್ನ. ನೋಡೂಣು.”

ವಿಶಾಲ ಕಾರ್ಡನ್ನು ಬಿಚ್ಚಿ ಅವರ ಅಂಗೈ ಮೇಲಿಟ್ಟ. ಅವರು ಕಿರುಬೆರಳಿನಿಂದ ಮೀಟಿದರು. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಮೂವರೂ ಅದು ನಿಲ್ಲುವ ತನಕ ಕಾದೆವು.

“ಹೂಂ,” ಎಂದರು ಚನ್ನಬಸವ್ವ.

ಕೆಳಗಿನಿಂದ ಮಕಬೂಲಸಾಬರ ಕೂಗು ಬಂತು. “ಸಾವಕಾರ್ರ, ಹೊತ್ತಾಕತ್ತೈತ್ರಿ! ಅಮ್ಮಾರ ಖೋಲಿಗೆ ಕ್ರೀಮನ ಹೊಡದ ಬಿಡ್ಲ್ಯಾ?”

ಹೊಡೀರಿ ಎನ್ನಲು ವಿಶಾಲ ಬಾಯಿ ತೆರೆದಿದ್ದ.

“ತಡಿಯೋ ಮಕಬೂಲಾ,” ಎಂದರು ಚನ್ನಬಸವ್ವ. “ಬಂದೆ.”

ಒಂದೊಂದೇ ಮೆಟ್ಟಿಲು ಇಳಿದು ಅವರು ತಮ್ಮ ಖೋಲಿಗೆ ಹೋದರು. ಹಿಂದೆ ನಾವಿಬ್ಬರು. ಸದ್ದು ಕೇಳಿ ನಾಗರತ್ನಾಳೂ ಅಡುಗೆಮನೆಯಿಂದ ಬಂದು ನಿಂತಳು. ಬಣ್ಣದ ಪುಸ್ತಕ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟರು. “ಹಾಳಿ ಮ್ಯಾಲಿಂದ ಏನ ನೋಡ್ಲಿ? ಗ್ವಾಡಿಗೆ ಹಚ್ಚಿ ತೋರಸು.” ಮಕಬೂಲಸಾಬ ಗೊಣಗುತ್ತ ನಾಲ್ಕು ಬಣ್ಣ ಕಲಸಿ, ಗೋಡೆಯ ಮೇಲೆ ಅಂಗೈಯಗಲ ಬಳಿದರು. ವಿಶಾಲ ನನ್ನ ಕಿವಿಯಲ್ಲಿ, “ಕೆಂಪ ಬಣ್ಣಾನ ತಗೋತಾಳ ನೋಡು,” ಎಂದ. ಅವರು ಕಿಟಕಿಯ ಬೆಳಕಿಗೆ ಅಡ್ಡ ಬರದಂತೆ ನಿಂತು, ಬಹಳ ಹೊತ್ತು ನೋಡಿದರು. ಯಾರೂ ಅವಸರ ಮಾಡಲಿಲ್ಲ.

“ಇದು.”

ಎಳೆ ಜೋಳದ ಹಸಿರು.

“ಯವ್ವಾ! ನೀನೂ ಶಶ್ಯಾನ ಪಾರ್ಟಿ ಸೇರಿದೇನು?”

“ಮಲಗೂ ಖೋಲಿಗೆ ಯಾರರ ಕೆಂಪ ಹಚ್ಚತಾರೇನೋ, ಹುಚ್ಚಪ್ಯಾಲಿ. ಮಕಬೂಲಾ, ಎರಡ ಕೈ ಹೊಡಿ. ಪಡಸಾಲ್ಯಾಗ ಒಂದ ಕೈ ಹೊಡದಿ, ಹಳೇ ಬಣ್ಣಾ ಇಣಕಾಕತ್ತೈತಿ.”

“ಎಲ್ಲಿ ಅಮ್ಮಾರ?” ಎಂದು ಮಕಬೂಲಸಾಬ ಗಾಬರಿಯಿಂದ ಹೊರಗೆ ಓಡಿದರು.

ನಾಗರತ್ನಾ ಸೆರಗು ಬಾಯಿಗೆ ಒತ್ತಿ ನಗು ತಡೆದುಕೊಂಡಳು. ಆಮೇಲೆ ನನ್ನ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿ, ದಿನಾ ಕೇಳುವ ದನಿಯಲ್ಲೇ ಕೇಳಿದಳು.

“ಅತ್ತೀ, ರಾತ್ರಿಗೆ ಏನ ಮಾಡ್ಲಿ?”

  ಚನ್ನಬಸವ್ವ ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. ಬೆರಳ ತುದಿಯಲ್ಲಿ ವಿಭೂತಿಯ ಪುಡಿ ಹಾಗೇ ಇತ್ತು.

“ಮೆಂತೆ ನಾಳಿಗೆ ಇರ್ಲಿ,” ಎಂದರು. “ಶಶಿ ಅದಾನಲ್ಲ, ಕಡ್ಲಿಹಿಟ್ಟಿನ ಝುಣಕಾ ಮಾಡು. ಬಳ್ಳೊಳ್ಳಿ ಮುಂದ ಮಾಡಿ ಹಾಕು. ನೀ ಹಾಕೂದು ನನಗ ಸಾಲೂದಿಲ್ಲ.”